ಗಾಬರಿ ಮೇಡಂ ಗಾಬರಿ ಕಳೆದುಕೊಂಡದ್ದು

ಡ್ರೈವಿಂಗ್ ಶಾಲೆಯಲ್ಲಿ ಆಕೆಗೆ ಗಾಬರಿ ಮೇಡಂ ಎಂದೇ ಹೆಸರು. ಬೆನ್ನ ಹಿಂದೆ ಹಾಗೆ ಕರೆಯುವುದು ಆಕೆಗೂ ಗೊತ್ತಿತ್ತು, ಹೊಟ್ಟೆಗೆ ಹಾಕಿಕೊಂಡಿದ್ದಳು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಗೂ ಇರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು, ದಿನವಿಡೀ ಜೀವ ಕೈಯಲ್ಲಿ ಹಿಡಿದಿರುವ ಕೆಲಸ ಅದು. ಹೊಸಬರು ಗೇರ್ ಹುಡುಕುತ್ತ ತಲೆ ಬಗ್ಗಿಸಿದರೆ ರಸ್ತೆ ನೋಡುವವರು ಯಾರು? ಇವಳೇ. ಆ ಕಾರಿಗೆ ಒಂದು ಗೀರೂ ಬೀಳದೆ ಇದ್ದದ್ದು ಇವಳ ಗಾಬರಿಯ ಪುಣ್ಯದಿಂದ. ಆದರೆ ಮನೆಗೆ ಬಂದರೂ ಎದೆ ಹೊಡೆದುಕೊಳ್ಳುವುದು ನಿಲ್ಲುತ್ತಿರಲಿಲ್ಲ. ನಿದ್ದೆಯಂತೂ ದೂರದ ಮಾತು.

ಅಕ್ಕನ ಪಾಡು ನೋಡಲಾರದೆ ತಂಗಿ ಒಂದು ಡಬ್ಬಿ ಮಾತ್ರೆ ತಂದುಕೊಟ್ಟಳು.

"ಬರೀ ಗಿಡಮೂಲಿಕೆ, ಅಕ್ಕ. ಡಾಕ್ಟರನ್ನ ಏನು ಕೇಳೋದು? ಸೊಪ್ಪು ತಿನ್ನೋಕೆ ಯಾರನ್ನಾದ್ರೂ ಕೇಳ್ತೀವಾ?"

ಮೇಡಂ ನುಂಗಿದಳು. ನಿದ್ದೆ ಬಂತು, ಎದೆ ತಣ್ಣಗಾಯಿತು. ಶಾಲೆಯ ಮಾಲೀಕ ಕೂಡ, "ಏನ್ ಮೇಡಂ, ಈಚೆಗೆ ನಿಮ್ಮ ಕೂಗೇ ಕೇಳಿಸಲ್ಲ" ಎಂದು ಹಲ್ಲು ಕಿರಿದ. ತಂಗಿಗಂತೂ ಹೆಮ್ಮೆಯೋ ಹೆಮ್ಮೆ.

ಹೀಗಿರುವಾಗ ಒಂದು ಸಂಜೆ ಮಗಳು ಬಂದಳು. ಎರಡು ಸಲ ಬಸುರು ನಿಲ್ಲದೆ ನೊಂದ ಹುಡುಗಿ. ಈ ಸಲ ಅಮ್ಮ ಗಾಬರಿಪಟ್ಟಾಳೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, "ಅಮ್ಮ, ನಾಲ್ಕು ತಿಂಗಳಾಯ್ತು. ಎಲ್ಲ ಸರಿಯಾಗಿದೆಯಂತೆ" ಎಂದಳು.

"ಒಳ್ಳೇದಾಯ್ತು," ಎಂದಳು ಮೇಡಂ. ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಲೇ ಇದ್ದಳು.

ಮಗಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟೇ ಹೋದಳು. ಆಮೇಲೆ ಫೋನೂ ಇಲ್ಲ. ಖುಷಿಪಡಬೇಕಿತ್ತು, ತಬ್ಬಿಕೊಳ್ಳಬೇಕಿತ್ತು ಎಂದು ಮೇಡಂಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಒಳಗಿನಿಂದ ಏನೂ ಹುಟ್ಟಲಿಲ್ಲ. ಮಗಳು ಮುನಿಸಿಕೊಂಡದ್ದಕ್ಕೆ ಸಂಕಟವೂ ಆಗಲಿಲ್ಲ. ವಯಸ್ಸಾಯಿತೇನೋ ಅಂದುಕೊಂಡು ಸುಮ್ಮನಾದಳು.

ಮುಂದಿನ ವಾರ ಕಾರು ಓಡಿಸುತ್ತಿದ್ದವರು ಒಬ್ಬ ದರ್ಜಿ. ಅರವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯುವ ಹಟ. ತಿರುವಿನಲ್ಲಿ ಸೈಕಲ್ಲಿನ ಹುಡುಗಿಯೊಬ್ಬಳು ಸರಕ್ಕನೆ ಅಡ್ಡ ಬಂದಳು. ಮೇಡಂ ನೋಡಿದಳು, ಚೆನ್ನಾಗಿಯೇ ನೋಡಿದಳು. ಪಾದ ಮಾತ್ರ ಅಲ್ಲಾಡಲಿಲ್ಲ. ಬ್ರೇಕ್ ಒತ್ತಿದವರು ದರ್ಜಿ. ಸೈಕಲ್ ಬಂಪರಿನ ಮುಂದೆ ಹಾದುಹೋಯಿತು.

"ನನ್ನ ಮೇಲೆ ಎಷ್ಟು ನಂಬಿಕೆ ಇಟ್ರಿ ಮೇಡಂ!" ಎಂದು ದರ್ಜಿ ಬೆವರು ಒರೆಸಿಕೊಳ್ಳುತ್ತ ಉಬ್ಬಿಹೋದರು.

ನಂಬಿಕೆಯಂತೆ, ನಂಬಿಕೆ! ಅದು ನಂಬಿಕೆಯಲ್ಲವೆಂದು ಅವಳೊಬ್ಬಳಿಗೇ ಗೊತ್ತಿತ್ತು. ಕಾರನ್ನು ಬದಿಗೆ ನಿಲ್ಲಿಸಲು ಹೇಳಿದಳು. ಆ ಮಗುವಿಗೆ ಏನಾದರೂ ಆಗಿದ್ದರೆ ಎಂದು ಯೋಚಿಸಿದರೂ ಎದೆ ನಡುಗಲಿಲ್ಲ. ಹಾಗೆ ನಡುಗದೆ ಇದ್ದದ್ದೇ ಸರಿಯಿಲ್ಲವೆಂದು ತಿಳಿಯುವಷ್ಟು ಬುದ್ಧಿ ಉಳಿದಿತ್ತು. ಮಾಲೀಕನಿಗೆ ರಜೆ ಹೇಳಿ, ಡಬ್ಬಿ ಹಿಡಿದು ನೇರ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ಡಬ್ಬಿ ತಿರುಗಿಸಿ ನೋಡಿದರು. "ಗಿಡದ್ದಾದ್ರೂ ಔಷಧ ಔಷಧಾನೇ ಅಲ್ವಾ? ಕೆಲವರಿಗೆ ಮನಸ್ಸು ಹೀಗೆ ಮಂಕಾಗಬಹುದು. ಇದರಿಂದಲೇ ಅಂತ ಈಗ್ಲೇ ಹೇಳಲ್ಲ, ನಿಲ್ಲಿಸಿ ನೋಡೋಣ. ನಿದ್ದೆಗೆ ಬೇರೆ ದಾರಿ ಇದೆ. ಸರಿಹೋಗೋವರೆಗೆ ಕಲಿಸೋಕೆ ಕಾರಲ್ಲಿ ಕೂರಬೇಡಿ."

"ಮಗಳು ಖುಷಿ ಸುದ್ದಿ ತಂದ್ಲು, ಡಾಕ್ಟ್ರೇ. ನಂಗೇನೂ ಅನ್ನಿಸಲಿಲ್ಲ. ಅದು ವಾಪಸ್ ಬರುತ್ತಾ?"

"ಬರಲಿ ಅಂತ ಆಸೆ ಇದೆಯಲ್ಲ. ಅಷ್ಟು ಸಾಕು, ಶುರು ಮಾಡೋಣ."

ಮೊದಲು ವಾಪಸ್ಸಾದದ್ದು ಸಿಟ್ಟು. ಒಂದು ಬೆಳಿಗ್ಗೆ ತಂಗಿಗೆ ಫೋನ್ ಮಾಡಿ, ಸೊಪ್ಪಿನ ಮಾತೆತ್ತಿ, ಬಾಯಿಗೆ ಬಂದಂತೆ ಬೈದಳು. ತಂಗಿ ಎಲ್ಲ ಕೇಳಿಸಿಕೊಂಡು, "ತಪ್ಪು ನಂದೇ, ಅಕ್ಕ. ಆದ್ರೂ ಬೈಸ್ಕೊಂಡು ಎಷ್ಟು ದಿನ ಆಗಿತ್ತು" ಎಂದು ಮೂಗೊರೆಸಿಕೊಂಡಳು.

ಅದೇ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಮಗಳ ನೆನಪು ನುಗ್ಗಿ ಬಂತು. ನಾಲ್ಕು ತಿಂಗಳು! ಎದೆ ಧಸಕ್ಕೆಂದಿತು. ಒದ್ದೆ ಕೈಯಲ್ಲೇ ಬೀಗ ಹಾಕಿ, ಬಸ್ಸು ಹತ್ತಿ, ಮಗಳ ಮನೆಯ ಮೂರು ಮಹಡಿಯನ್ನು ಏದುಸಿರು ಬಿಡುತ್ತ ಹತ್ತಿದಳು.

ಬಾಗಿಲು ತೆರೆದ ಮಗಳ ಮುಖ ಬಿಗಿದುಕೊಂಡೇ ಇತ್ತು.

"ಆವತ್ತು ನೀನು ಹೇಳಿದಾಗ ನಂಗೆ ಏನೂ ಅನ್ನಿಸಲಿಲ್ಲ ಕಣೇ," ಎಂದಳು ಮೇಡಂ ಹೊಸ್ತಿಲಲ್ಲೇ. "ನಿನ್ನ ಚಿಕ್ಕಮ್ಮ ಕೊಟ್ಟ ಮಾತ್ರೆ ತಿಂದು ಕಲ್ಲಾಗಿಬಿಟ್ಟಿದ್ದೆ. ನಿನ್ನ ತಪ್ಪೇನೂ ಇಲ್ಲ."

"ಈಗ?"

"ಈಗ ಖುಷಿಗೆ ಅಳು ಬರ್ತಿದೆ. ಹೆದರಿಕೆಗೆ ಕೈಕಾಲು ನಡುಗ್ತಿದೆ. ನೋಡು ಬೇಕಾದ್ರೆ."

ಮಗಳು ಆ ನಡುಗುವ ಕೈಯನ್ನು ಹಿಡಿದುಕೊಂಡಳು. ಅವಳ ಕೈಯೂ ನಡುಗುತ್ತಿತ್ತು.

"ಒಬ್ಬಳೇ ಹೆದರಿ ಹೆದರಿ ಸಾಕಾಗಿಹೋಗಿತ್ತು, ಅಮ್ಮ," ಎಂದಳು. "ಒಳಗೆ ಬಾ."