ಹಾಸ್ಟೆಲ್ ದಾರಿಯ ಆನೆ

"ಆನೆ! ಆನೆ ಬಂತು! ಬರ್ರೋ, ಆನೆ!"

ಮಂಜುಶ್ರೀ ಕಿರುಚಿದ್ದು ಹೀಗೆ. ಎದುರಿಗಿದ್ದದ್ದು ಮಾತ್ರ ಆನೆಯಲ್ಲ, ಬೈಕ್ ಅಡ್ಡ ನಿಲ್ಲಿಸಿ ಅವಳ ಕೈ ಹಿಡಿದೆಳೆಯುತ್ತಿದ್ದ ಒಬ್ಬ ಗಂಡಸು. ಆನೇಮಹಲ್ ಕಡೆಯ ಅವಳ ಕಾಲೇಜಿನಿಂದ ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ಕಾಫಿ ಕೊಯ್ಲು ಶುರುವಾದಾಗಿನಿಂದ ಅವನದೇ ಕಾಟ. ಹುಡುಗಿಯರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಮನೆಗೆ ಸುದ್ದಿ ಮುಟ್ಟಿದರೆ ಓದು ಅಲ್ಲಿಗೇ ಮುಗಿದಂತೆ. ಹಿಂದಿನ ವರ್ಷ ಇಂಥದೇ ಸುದ್ದಿ ಮುಟ್ಟಿ ಇಬ್ಬರು ಓದು ಬಿಟ್ಟು ಟ್ರಂಕು ಹೊತ್ತುಕೊಂಡು ಊರಿಗೆ ಹೋಗಿದ್ದರು. "ಕಾಪಾಡಿ" ಎಂದು ಕೂಗಿದರೆ ಯಾರಿಂದ, ಏನಾಯಿತು ಎಂದು ಊರೆಲ್ಲ ಕೇಳುತ್ತದೆ. ಆನೆ ಅಂದರೆ ಆ ಸೀಮೆಯಲ್ಲಿ ಯಾರೂ ಏನೂ ಕೇಳುವುದಿಲ್ಲ, ಕೈಗೆ ಸಿಕ್ಕಿದ್ದು ಹಿಡಿದು ಓಡಿಬರುತ್ತಾರೆ.

ಬಂದೇ ಬಂದರು. ಬೇಲಿಯಾಚೆ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಬುತ್ತಿ ಡಬ್ಬ ಬಡಿಯುತ್ತ, ಹೋ ಎಂದು ಬೊಬ್ಬೆ ಹಾಕುತ್ತ ನುಗ್ಗಿದರು. ಬೈಕಿನವನು ಎಂಥ ಶೂರ! ಆನೆ ಬೆನ್ನ ಹಿಂದೆಯೇ ಇದೆ ಅಂದುಕೊಂಡು, ತಿರುಗಿಯೂ ನೋಡದೆ ಓಡಿ ಚರಂಡಿಗೆ ಬಿದ್ದ.

"ಎಲ್ಲವ್ವ ಆನೆ?" ಎಂದಳು ಎಲ್ಲರಿಗಿಂತ ಮುಂದಿದ್ದ ಹುಲಿಯಮ್ಮ. ಹುಡುಗಿಯ ಒಡೆದ ಬಳೆ, ಕೆಂಪಾದ ಮಣಿಕಟ್ಟು ಕಣ್ಣಿಗೆ ಬಿತ್ತು. ಆಮೇಲೆ ಚರಂಡಿಯ ಕಡೆ ನೋಡಿದಳು. "ಓಹೋ, ಇದಾ! ಇದ್ಕೆ ಎರಡೇ ಕಾಲು ಐತಲ್ಲ. ಹಿಡ್ಕಳ್ರೇ, ಹೋಗ್ಬುಟ್ಟಾನು!"

ಮಂಜುಶ್ರೀ ಅವಳ ಹೆಗಲಿಗೆ ಮುಖ ಒತ್ತಿ ಗೊಳೋ ಎಂದು ಅತ್ತಳು. ಹೆಸರೂ ಗೊತ್ತಿಲ್ಲದ ಆ ಹೆಂಗಸರ ಮೇಲೆ ಅವಳಿಗೆ ಹೆತ್ತವರ ಮೇಲಿರುವಷ್ಟೇ ಅಕ್ಕರೆ ಉಕ್ಕಿತು.

ಮರುದಿನ ಪ್ರಿನ್ಸಿಪಾಲ್ ನಟರಾಜ್ ಅವರ ಕೋಣೆಯಲ್ಲಿ ಅವಳ ಅಪ್ಪ ಜವರಪ್ಪ ಕುರ್ಚಿಯ ತುದಿಯಲ್ಲಿ ಕೂತಿದ್ದ. ಸುದ್ದಿ ಕೇಳಿ ಮಾರನಹಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದವನು ಪಕ್ಕದಲ್ಲೇ ನಿಂತಿದ್ದ ಮಗಳ ಮುಖ ನೋಡಿರಲಿಲ್ಲ.

"ಕೊಯ್ಲಿನ ಹೆಂಗಸರು ಹಿಡ್ಕೊಟ್ಟ ಆ ಬೈಕಿನವನು ಠಾಣೆಯಲ್ಲಿದಾನೆ. ದೂರು ಕೊಡದಿದ್ರೆ ಬಿಟ್ಟುಬಿಡ್ತಾರೆ. ಕೊಟ್ರೆ ನಿಮ್ಮ ಮಗಳ ಹೆಸರು ಬರುತ್ತೆ. ಯೋಚನೆ ಮಾಡಿ" ಎಂದರು ಪ್ರಿನ್ಸಿಪಾಲರು.

"ಯೋಚ್ನೆ ಏನೈತೆ ಸಾ. ಓದಿದ್ದು ಸಾಕು. ಟ್ರಂಕು ಕಟ್ಕೊ ನಡಿ ಮಗ."

ಅಷ್ಟರಲ್ಲಿ ಬಾಗಿಲಲ್ಲಿ ಹುಲಿಯಮ್ಮ, ಅವಳ ಹಿಂದೆ ಆ ಹೆಂಗಸರು. ಸೊಂಟದಲ್ಲಿ ಹಣ್ಣು ಕೊಯ್ಯುವ ಚೀಲ ಹಾಗೇ ಇತ್ತು.

"ಸಾಕ್ಷಿ ಹೇಳಕ್ಕೆ ಬಂದ್ವಿ ಸಾ, ಯಾರೂ ಕರೀದಿದ್ರೂವೆ" ಎಂದವಳೇ ಜವರಪ್ಪನ ಕಡೆ ತಿರುಗಿದಳು. "ಅಣ್ಣ, ನಿಮ್ ಗದ್ದೆಗೆ ಆನೆ ಬರಾಕಿಲ್ವಾ?"

"ಬತ್ತದೆ."

"ಬಂದ್ರೆ ಆನೆ ಓಡುಸ್ತೀರೋ, ಗದ್ದೆ ಬುಟ್ಟು ನೀವೇ ಓಡೋಯ್ತೀರೋ?"

ಜವರಪ್ಪ ಹೆಗಲ ಟವೆಲ್ಲು ತೆಗೆದ, ಮತ್ತೆ ಹಾಕಿಕೊಂಡ. ಮಗಳಿಗೆ, "ಏನೇನಾಯ್ತೋ ಎಲ್ಲಾ ಹೇಳವ್ವ. ಬರ್ಕೊಳ್ಲಿ" ಎಂದ.

ಮಂಜುಶ್ರೀ ಹೇಳಿದಳು, ಪ್ರಿನ್ಸಿಪಾಲರು ದೂರು ಬರೆದುಕೊಂಡರು. ಹೆಂಗಸರು ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದರು. ಟ್ರಂಕಿನ ಮಾತನ್ನು ಅಪ್ಪ ಎತ್ತಲಿಲ್ಲ, ಕೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಹೊರಗೆ ಬಂದಾಗ ಹೊತ್ತು ನೆತ್ತಿ ದಾಟಿತ್ತು. ಹೆಂಗಸರ ಚೀಲಗಳೆಲ್ಲ ಬರಿದು, ಸಂಜೆ ಕೂಲಿಯ ತೂಕಕ್ಕೆ ಇಡಲು ಹಿಡಿ ಹಣ್ಣಿಲ್ಲ. "ನಮ್ಮಿಂದ ಇವ್ರ ಕೊಯ್ಲು ಕೆಟ್ಟೋಯ್ತಲ್ಲ" ಎಂದು ಗೊಣಗಿದ ಜವರಪ್ಪ ಪಂಚೆ ಎತ್ತಿ ಕಟ್ಟಿ ಎಸ್ಟೇಟಿನ ಬೇಲಿ ದಾಟಿದ. ಹುಲಿಯಮ್ಮ ಬೇಡ ಬೇಡ ಎಂದರೂ ಕೇಳಲಿಲ್ಲ. ಮಂಜುಶ್ರೀಯೂ ಹಿಂದೆಯೇ ಹೋದಳು. ಅಪ್ಪ ಕಾಫಿ ಗಿಡದ ಎತ್ತರದ ಕೊಂಬೆಗಳನ್ನು ಬಗ್ಗಿಸಿ ಹಿಡಿಯುತ್ತಿದ್ದ, ಅವಳು ಕೊಯ್ಯುತ್ತಿದ್ದಳು.

"ನಾಳೆ ಕ್ಲಾಸು ಎಷ್ಟೊತ್ಗವ್ವ?" ಎಂದ ಜವರಪ್ಪ, ಕೊಂಬೆಯ ಮೇಲಿನ ಕಣ್ಣು ತೆಗೆಯದೆ.

ಮಂಜುಶ್ರೀ ಬೊಗಸೆ ತುಂಬಿದ್ದ ಕೆಂಪು ಹಣ್ಣುಗಳನ್ನು ಹುಲಿಯಮ್ಮನ ಚೀಲಕ್ಕೆ ಸುರಿದಳು.