ಒಲೆಯ ಕೆಳಗಿನ ಫರ್ಶಿ

ಕಮಲಾಪುರದ ಅಂಬಮ್ಮ ಕಲಬುರಗಿಯಲ್ಲಿ ರೊಟ್ಟಿ ಅಂಗಡಿ ಇಡಬೇಕೆಂದು ಹೊರಟಾಗ ಜಗತ್ ಸರ್ಕಲ್ ಹತ್ತಿರ ಒಂದು ಮಳಿಗೆ ಸಿಕ್ಕಿತು. ಮಾಲೀಕರಾದ ಆನಂದತೀರ್ಥರಾಯರು ಬ್ಯಾಂಕಿನಿಂದ ನಿವೃತ್ತರಾದವರು, ಮೇಲಿನ ಮನೆಯಲ್ಲೇ ಇರುವವರು. ಮಳಿಗೆಯ ನೆಲಕ್ಕೆ ಆಗಷ್ಟೇ ಹಾಲುಬಣ್ಣದ ಟೈಲ್ಸ್ ಹಾಕಿಸಿದ್ದರು.

"ಕಟಗಿ ಒಲಿ ಇಡ್ರಿ, ಬ್ಯಾಡ ಅನ್ನೂದಿಲ್ಲ. ಹೊಗಿ ಕೊಳವಿ ಕಿಡಕ್ಯಾಗಿಂದ ಹೊರಗ ಬಿಡ್ರಿ. ಆದ್ರ ನನ್ನ ಫರ್ಶಿಗೆ ಒಂದು ಕಲಿ ಬೀಳಬಾರದು ನೋಡ್ರಿ," ಎಂದರು ರಾಯರು.

ಅಂಬಮ್ಮ ಹುಟ್ಟಿದಾಗಿನಿಂದ ಒಲೆ ಕಂಡವಳು. ಆದರೆ ಒಲೆಯಿಂದ ನೆಲವನ್ನು ಕಾಪಾಡಬೇಕೆಂದು ಇಲ್ಲಿಯವರೆಗೆ ಆಕೆಗೆ ಯಾರೂ ಹೇಳಿರಲಿಲ್ಲ.

ಸೊಸೆ ಶೀಲಾ ದಪ್ಪನೆಯ ಶಹಾಬಾದ್ ಕಲ್ಲು ತರಿಸಿ, ಅದರ ಮೇಲೆ ಕಬ್ಬಿಣದ ಒಲೆ ಇಡಿಸಿದಳು. "ಕಲ್ಲಿಗೇನ್ ಆಗ್ತದರೀ ಅತ್ತಿ?" ಎಂದಳು. ಮೊದಲ ಬೆಂಕಿಗೇ ಕಲ್ಲಿನ ಪದರು ಪಟಾಕಿಯಂತೆ ಸಿಡಿಯಿತು. ರಾಯರು ಮೆಟ್ಟಿಲಿಳಿದು ಓಡಿಬಂದರು.

"ಏನ್ ಒಡೀತು? ನಂದಾ, ನಿಮ್ದಾ?"

"ನಮ್ದೇರೀ."

"ಹಂಗಾದ್ರ ಬಿಡ್ರಿ," ಎಂದು ನೆಮ್ಮದಿಯಿಂದ ಹತ್ತಿಹೋದರು.

ಆಮೇಲೆ ಕಬ್ಬಿಣದ ತಗಡು ಹಾಸಿದರು. ಅದು ಕಾವನ್ನು ತಡೆಯುವ ಬದಲು ಪೂರಾ ಕೆಳಕ್ಕೆ ದಾಟಿಸಿತು. ರಾಯರು ತಗಡಿನಡಿ ಬೆರಳು ತೂರಿಸಿ, ಸುಟ್ಟುಕೊಂಡು, ಬೆರಳನ್ನು ಬಾಯಲ್ಲಿಟ್ಟುಕೊಂಡೇ ಟೈಲ್ಸ್ ಒರೆಸಿ ನೋಡಿದರು.

ಅಂಬಮ್ಮ ಜೋಳ ತರಲು ನೆಹರು ಗಂಜ್‌ಗೆ ಹೋದಾಗ, ತೊಗರಿ ಚೀಲಗಳನ್ನು ಹಲಗೆಯ ಮೇಲೆ ನೆಲಬಿಟ್ಟು ಒಟ್ಟಿದ್ದು ಕಣ್ಣಿಗೆ ಬಿತ್ತು. ನೆಲದ ಥಂಡಿ ಮೇಲೆ ಹತ್ತದಂತೆ ಗಾಳಿ ತಡೆಯುವುದಾದರೆ, ಒಲೆಯ ಕಾವು ಕೆಳಗಿಳಿಯದಂತೆಯೂ ತಡೆದೀತಲ್ಲ! ಬಂದವಳೇ ಇಟ್ಟಿಗೆಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಮೇಲೆ ತಗಡು ಹಾಸಿ, ಅದರ ಮೇಲೆ ಒಲೆ ಕೂರಿಸಿದಳು. ದಿನವಿಡೀ ಉರಿದರೂ ಕೆಳಗೆ ಫರ್ಶಿ ತಣ್ಣಗಿತ್ತು.

ರಾಯರಿಗೆ ಅಷ್ಟಕ್ಕೇ ನಂಬಿಕೆ ಬರಲಿಲ್ಲ. ದಿನಾಲೂ ಬಂದು, ಮೊಣಕಾಲೂರಿ, ಇಟ್ಟಿಗೆಯ ಸಂದಿನಲ್ಲಿ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಬರುವ ಹೊತ್ತು ಮಾತ್ರ ಯಾವಾಗಲೂ ರೊಟ್ಟಿ ಉಬ್ಬುವ ಹೊತ್ತೇ. ಹೊರಗೆ ಉಣ್ಣದ ಮನೆತನ ಅವರದು. ಆದರೆ ಬಿಸಿ ರೊಟ್ಟಿ, ಪುಂಡಿಪಲ್ಯವನ್ನು ಫರ್ಶಿ ತನಿಖೆಯ ಲೆಕ್ಕಕ್ಕೇ ಹಾಕಿಕೊಂಡರು.

ಅಂಗಡಿ ಕುದುರಿತು. ಗಿರಾಕಿಗಳ ಕುರ್ಚಿ ಎಳೆದೆಳೆದು ನೆಲವೆಲ್ಲ ಗೀರಾಯಿತು. ಒಂದು ದಿನ ನೀರಿನ ಕೊಡ ಜಾರಿ ಬಿದ್ದು ಬಾಗಿಲ ಬಳಿಯ ಟೈಲ್ಸ್ ಸೀಳಿತು. ಶೀಲಾ ಅದರ ಮೇಲೆ ಗೋಣಿಚೀಲ ಹಾಸಿದಳು. ರಾಯರು ಅದನ್ನೇ ತುಳಿದು ಬಂದು, ಒಲೆಯಡಿ ಬ್ಯಾಟರಿ ಬಿಟ್ಟು, ತೃಪ್ತಿಯಿಂದ ಉಂಡು ಹೋಗುತ್ತಿದ್ದರು.

ಅಂಬಮ್ಮನ ಮನಸ್ಸು ತಡೆಯಲಿಲ್ಲ. ಒಮ್ಮೆ ಅವರೆದುರೇ ಚೀಲ ಎಳೆದಳು.

"ರಾಯರ, ತಪ್ಪಾಗ್ಯಾದರೀ. ಕೊಡ ಬಿದ್ದು ಒಡದದ. ಹೊಸಾದು ಹಾಕಿಸಿಕೊಡ್ತೀವಿ."

ರಾಯರು ಬಿರುಕಿನತ್ತ ಒಂದು ಗಳಿಗೆ ನೋಡಿದರು. "ಏ, ಅದೇನ್ ಬಿಡ್ರಿ. ತಿರುಗಾಡೋ ಜಾಗ, ಒಡೀತದ. ಒಲಿ ಕೆಳಗ ನೋಡ್ರಿ, ಕನ್ನಡಿ ಇದ್ಹಂಗ ಅದ!"

ಮರುದಿನ ಬರುವಾಗ ಬೀಗರಾದ ಪ್ರಹ್ಲಾದರಾಯರನ್ನೂ ಕರೆತಂದರು. ಇಬ್ಬರು ಹಿರಿಯರು ಪಂಚೆ ಎತ್ತಿ ಕಟ್ಟಿ, ಅಕ್ಕಪಕ್ಕ ಮೊಣಕಾಲೂರಿ ಒಲೆಯಡಿ ಇಣುಕಿದರು. ಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದಳು. ಅಂಬಮ್ಮ ನಗಲಿಲ್ಲ. ಇನ್ನೊಂದು ಹಿಡಿ ಹಿಟ್ಟು ತೆಗೆದು ನಾದತೊಡಗಿದಳು.