ಅಮೆರಿಕದ ಸೂಜಿ, ಯುರೋಪಿನ ಓಟ

ಹುಲಗಪ್ಪ ಬಂದು ಅಂಗಡಿಯ ಬೆಂಚಿನ ಮೇಲೆ ಕೂತಾಗ ಕಸ್ತೂರಿ ಜಂತುಹುಳದ ಔಷಧದ ಬಾಟಲಿಗಳ ಮೇಲಿನ ತಾರೀಖನ್ನು ಎರಡನೇ ಸಲ ನೋಡುತ್ತಿದ್ದಳು. ಒಂದು ಸಲ ನೋಡಿದರೆ ಅವಳಿಗೆ ನಂಬಿಕೆ ಬರುವುದಿಲ್ಲ. ಶಹಾಪುರದ ಈ ದನದ ಔಷಧದ ಅಂಗಡಿಗೆ ಸೇರಿ ಏಳು ವರ್ಷವಾಗಿತ್ತು. ಹಗಲೆಲ್ಲ ಇಲ್ಲಿ ನಿಂತು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದಳು. ಆದರೂ ಯಾರಾದರೂ ನಿನಗ ಗೊತ್ತದ ಬಿಡು ಎಂದರೆ ಅವಳು ಇನ್ನೊಮ್ಮೆ ಪರೀಕ್ಷಿಸಿ ನೋಡುತ್ತಿದ್ದಳು.

"ಬರದಿಯೇನವ್ವಾ?" ಎಂದ ಹುಲಗಪ್ಪ.

"ಬರದೀನಿ ಮಾಮಾ. ಎಲ್ಯಾರ ತಪ್ಪಿದ್ರ ಹೇಳು."

"ತಪ್ಪು ತಗಿಯಾಕ ನನಗೇನು ಇಂಗ್ಲಿಷ್ ಬರ್ತದೇನು? ಓದು, ಕೇಳ್ತೀನಿ."

ಹುಲಗಪ್ಪ ಅವಳ ತಾಯಿಯ ತಮ್ಮ. ಕೆಂಭಾವಿ ಕಡೆ ಪ್ರತಿ ಬೇಸಿಗೆಯಲ್ಲಿ ನಡೆಯುವ ಕುದುರೆ ಶರ್ಯತ್ತಿನ ಕಮಿಟಿಗೆ ಈ ವರ್ಷ ಅವನೇ ಅಧ್ಯಕ್ಷ. ಫೋನಿನಲ್ಲಿ ಹೊರದೇಶದ ಓಟಗಳನ್ನು ನೋಡಿ ನೋಡಿ, ನಮ್ಮ ಶರ್ಯತ್ತೂ ಫಾರಿನ್ ಪದ್ಧತಿಯಲ್ಲಿ ನಡೆಯಬೇಕು ಎಂದು ಹಟ ಹಿಡಿದಿದ್ದ. ಅಲ್ಲಿಯವರು ಹೇಗೆ ಓಡಿಸುತ್ತಾರೆ ಎಂದು ಬರೆದುಕೊಡುವ ಕೆಲಸ ಸೋದರಸೊಸೆಯ ಪಾಲಿಗೆ ಬಂದಿತ್ತು. ಅವಳು ವಾರವಿಡೀ ಓದಿ, ಹಾಳೆಯ ನಡುವೆ ಗೀಟು ಎಳೆದು, ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಯುರೋಪು ಎಂದು ಬರೆದಿದ್ದಳು.

"ಅಮೆರಿಕದಾಗ ಹೆಚ್ಚಾಗಿ ಮಣ್ಣಿನ ಮ್ಯಾಲ ಓಡಸ್ತಾರ. ಸಪಾಟ ನೆಲ. ಎಡಕ್ಕಷ್ಟ ತಿರಗ್ತಾರ."

"ಬಲಕ್ಕ ಯಾಕ ತಿರಗಂಗಿಲ್ಲ? ಆ ಕಡಿ ಬೀಗರು ಕುಂತಿರ್ತಾರೇನು?"

"ಯುರೋಪಿನಾಗ ಹುಲ್ಲಿನ ಮ್ಯಾಲ. ಏರು ಇರ್ತದ, ಇಳುಕಲು ಇರ್ತದ. ಒಂದು ಕಡಿ ಎಡಕ್ಕ ತಿರಗಿದ್ರ ಇನ್ನೊಂದು ಕಡಿ ಬಲಕ್ಕ."

"ಹುಲ್ಲು ಎಲ್ಲಿಂದ ತರೂದವ್ವಾ? ನಮ್ಮ ಎಮ್ಮಿಗೇ ಸಿಗವಲ್ದು."

ಅಂಗಡಿಯ ಮಾಲೀಕ ದ್ಯಾವಪ್ಪ ಒಳಗಿನಿಂದ ನಕ್ಕ. ಕಸ್ತೂರಿಯೂ ನಕ್ಕಳು. ಅಮೆರಿಕದಲ್ಲಿ ಮೊದಲ ಹೆಜ್ಜೆಯಿಂದಲೇ ಕುದುರೆಯನ್ನು ಬಿಟ್ಟು ಓಡಿಸುತ್ತಾರೆ, ಯುರೋಪಿನಲ್ಲಿ ತಡೆದು ಹಿಡಿದು ಕೊನೆಗೆ ಬಿಡುತ್ತಾರೆ ಎಂದು ಓದಿದಳು. ಯುರೋಪಿನ ಕೆಲವು ದೇಶಗಳಲ್ಲಿ ಇಷ್ಟಕ್ಕಿಂತ ಹೆಚ್ಚು ಏಟು ಹೊಡೆಯಬಾರದೆಂದು ಚಾಟಿಗೆ ಲೆಕ್ಕವಿದೆ ಎಂದಾಗ ಹುಲಗಪ್ಪ, "ಅದನ್ನ ಬಿಡು, ಮುಂದ ಓದು" ಎಂದ.

ಮುಂದೆ ಎರಡು ಸಾಲುಗಳಿದ್ದವು. ಓಡುವಾಗ ಮೂಗಿನಲ್ಲಿ ರಕ್ತ ಬರುವ ಕುದುರೆಗೆ ಅಮೆರಿಕದ ಎಷ್ಟೋ ಕಡೆ ಓಟದ ದಿನವೇ, ನಾಲ್ಕು ತಾಸು ಮೊದಲು, ಒಂದು ಇಂಜೆಕ್ಷನ್ ಕೊಡುತ್ತಾರೆ; ಅದರಿಂದ ಮೈಯ ನೀರು ಮೂತ್ರವಾಗಿ ಹೋಗಿ ಕುದುರೆ ಹಗುರವೂ ಆಗುತ್ತದೆ. ಯುರೋಪಿನಲ್ಲಿ ಓಟದ ದಿನ ಅದಕ್ಕೆ ಅಪ್ಪಣೆಯಿಲ್ಲ. ಎರಡನೆಯದು ಯುರೋಪಿನ ಪದ್ಧತಿ: ದೊಡ್ಡ ಮಾಲೀಕರು ಗೆಲ್ಲುವ ಕುದುರೆಯ ಜೊತೆ ಇನ್ನೊಂದನ್ನೂ ಇಳಿಸುತ್ತಾರೆ. ಅದು ಗೆಲ್ಲಲಿಕ್ಕಲ್ಲ. ಮುಂದೆ ಓಡಿ ಓಟದ ವೇಗ ಏರಿಸಿ, ಉಳಿದವನ್ನು ದಣಿಸಿ, ತಾನು ಹಿಂದೆ ಬೀಳುವುದಷ್ಟೇ ಅದರ ಕೆಲಸ.

ಹುಲಗಪ್ಪ ನಗುವುದನ್ನು ನಿಲ್ಲಿಸಿ ಆ ಎರಡು ಸಾಲನ್ನು ಮತ್ತೊಮ್ಮೆ ಓದಿಸಿದ. ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ನಾಲ್ಕನೇ ದಿನ ಬಂದು ಆ ಇಂಜೆಕ್ಷನ್ನನ್ನೇ ಕೇಳಿದ.

"ಯಾರಿಗಿ?"

"ಚಾಂದನಿಗಿ."

ಚಾಂದನಿ ಬಸ್ ಸ್ಟ್ಯಾಂಡಿನ ಹತ್ತಿರ ಟಾಂಗಾ ಎಳೆಯುತ್ತಿದ್ದ ಬಿಳಿ ಕುದುರೆ. ಟಾಂಗಾದವನು ತೀರಿಕೊಂಡ ಮೇಲೆ ಅವನ ಹೆಂಡತಿ ಖುರ್ಷೀದಬೇಗಂ ಅದನ್ನು ಮೂರು ವರ್ಷ ಸಾಕಿ, ಕಡೆಗೆ ಕೈಲಾಗದೆ ಹುಲಗಪ್ಪನಿಗೆ ಮಾರಿದ್ದಳು. ಹೊಲದಿಂದ ಮೇವು ತರುವುದು ಬಿಟ್ಟು ಬೇರೆ ಕೆಲಸ ಹಚ್ಚುವುದಿಲ್ಲ ಎಂದು ಹುಲಗಪ್ಪ ಇದೇ ಬೆಂಚಿನ ಮೇಲೆ ಕೂತು ಮಾತು ಕೊಟ್ಟಿದ್ದ. ಜೋರಾಗಿ ನಡೆಸಿದರೂ ಅದರ ಮೂಗಿನಲ್ಲಿ ರಕ್ತ ಇಳಿಯುತ್ತದೆಂದು ಶಹಾಪುರದಲ್ಲಿ ಎಲ್ಲರಿಗೂ ಗೊತ್ತು.

"ತುಫಾನ್ ಗೆಲ್ಲಬೇಕಂದ್ರ ಮುಂದೊಂದು ಓಡಬೇಕಲ್ಲ," ಎಂದ ಹುಲಗಪ್ಪ. ತುಫಾನ್ ಅವನ ಎಳೆಯ ಕುದುರೆ. "ಒಂದು ಸುತ್ತು ಈ ಮುದುಕಿ ಎಳದ್ರ ಸಾಕು, ಉಳಿದಾವ ಸೋತು ಹೋಗ್ತಾವ. ಮೂಗಿನಾಗ ರಕ್ತ ಕಂಡ್ರ ಮಂದಿ ಗದ್ದಲ ಹಾಕ್ತಾರ. ಅದಕ್ಕ ಸೂಜಿ."

"ಡಾಕ್ಟರ ಚೀಟಿ ಇಲ್ಲದ ನಾ ಕೊಡಂಗಿಲ್ಲ ಮಾಮಾ. ಈ ಬಿಸಿಲಾಗ ಮೈಯಾನ ನೀರು ತಗದು ಓಡಿಸಿದ್ರ ಅದು ಉಳಿಯಂಗಿಲ್ಲ."

"ನೀನ ಬರದೀಯಲ್ಲ. ನಾನೇನು ಮನಿಂದ ತಂದೀನೇನು?"

"ಅವರು ಹಿಂಗ ಮಾಡ್ತಾರಂತ ಬರದೀನಿ. ಮಾಡ್ರಿ ಅಂತ ಬರದಿಲ್ಲ. ಅಮೆರಿಕದಾಗ ಡಾಕ್ಟರ್ ಇರ್ತಾರ. ಯುರೋಪಿನಾಗ ಓಟದ ದಿನ ಈ ಸೂಜಿನೇ ಇಲ್ಲ. ನೀ ಎರಡೂ ಕಡಿದು ನಿನಗ ಬೇಕಾದ್ದಷ್ಟ ಆರಿಸಿ ಒಂದ ಕುದುರಿ ಮ್ಯಾಲ ಹೇರಾಕತ್ತಿ."

"ಅಬಾಬಾ, ಬಿ.ಎ. ಮಾತಾಡಾಕತ್ತದ," ಎಂದು ಹುಲಗಪ್ಪ ಎದ್ದ. "ನಿನ್ನ ಅಂಗಡಿ ಒಂದೇ ಅದ ಏನು ಜಿಲ್ಲಾದಾಗ?"

ಅವನು ಹೋದ ಮೇಲೆ ಕಸ್ತೂರಿ ಕೈ ತೊಳೆದುಕೊಂಡಳು. ಏನನ್ನೂ ಮುಟ್ಟಿರಲಿಲ್ಲ. ಆದರೂ ಕೈಗೆ ಏನೋ ಅಂಟಿದಂತೆ ಆಗಿತ್ತು. ಆ ಹಾಳೆಯಲ್ಲಿ ಇದು ತಪ್ಪು ಎಂದು ಒಂದು ಸಾಲು ಬರೆಯಬಹುದಾಗಿತ್ತು. ತಪ್ಪು ಎನ್ನಲು ನಾನ್ಯಾರು ಎಂದು ಬಿಟ್ಟಿದ್ದಳು. ಆ ಸಂಕೋಚದ ಮೇಲೆ ಅವಳಿಗೆ ಈಗ ಹೇಸಿಗೆ ಬಂತು. ಸಂಜೆ ಖುರ್ಷೀದಬೇಗಮ್ಮಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಕೆಂಭಾವಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಶರ್ಯತ್ತಿನ ಹೊಲ ಮುಟ್ಟುವ ಹೊತ್ತಿಗೆ ಹತ್ತು ದಾಟಿತ್ತು. ಕಪ್ಪು ಎರೆಮಣ್ಣಿನ ಹೊಲವನ್ನು ರೋಲರ್ ಹೊಡೆದು ಗಟ್ಟಿ ಮಾಡಿದ್ದರು. ಮೈಕಿನವನು ಅವಳ ಹಾಳೆಯನ್ನೇ ಹಿಡಿದು ಓದುತ್ತಿದ್ದ. "ಫಾರಿನ್ ಕಾಯ್ದೆ ಬರದುಕೊಟ್ಟಾಕಿ ನಮ್ಮ ಅಧ್ಯಕ್ಷರ ಸೊಸಿ, ಬಿ.ಎ. ಕಸ್ತೂರಿ!" ಜನ ಚಪ್ಪಾಳೆ ತಟ್ಟಿದರು. ಅವಳು ತಲೆ ತಗ್ಗಿಸಿ, ಜನರ ಹಿಂದಿನಿಂದ ಚಾಂದನಿಯನ್ನು ಹುಡುಕುತ್ತ ಹೋದಳು.

ಚಾಂದನಿಯನ್ನು ಜಾಲಿಗಿಡಕ್ಕೆ ಗಿಡ್ಡ ಹಗ್ಗದಿಂದ ಕಟ್ಟಿದ್ದರು. ಅದರ ಕಾಲ ಕೆಳಗೆ ನೆಲ ಕೆಸರಾಗಿತ್ತು. ಅದು ನಿಂತಲ್ಲೇ ಮತ್ತೆ ಮತ್ತೆ ಮೂತ್ರ ಮಾಡುತ್ತಿತ್ತು. ಪ್ರತಿ ಸಲವೂ ಸುತ್ತ ನಿಂತವರು ಹೋ ಎಂದು ನಗುತ್ತ ಫೋನು ಹಿಡಿಯುತ್ತಿದ್ದರು. "ಬಾವಿ ನುಂಗ್ಯಾದ ನೋಡ್ಲೇ," ಎಂದ ಒಬ್ಬ. "ಇನ್ನೆರಡು ಕಿಲೋ ಕಮ್ಮಿ ಆತು," ಎಂದ ಇನ್ನೊಬ್ಬ. ಕುದುರೆಯ ಪಕ್ಕೆ ಒಳಗೆ ಹೋಗಿತ್ತು. ಕತ್ತಿನ ಮೇಲೆ ಸೂಜಿ ಚುಚ್ಚಿದ ಕಡೆ, ಒಂದಲ್ಲ ಮೂರು ಕಡೆ, ನೊಣ ಮುತ್ತಿದ್ದವು. ನರ ಸಿಗದೆ ಹುಡುಕಿ ಹುಡುಕಿ ಚುಚ್ಚಿದ್ದರು. ತುಟಿ ಒಣಗಿ ಹಲ್ಲಿಗೆ ಅಂಟಿತ್ತು. ಸ್ವಲ್ಪ ದೂರದಲ್ಲಿ ಹುಲಗಪ್ಪ ಮಿರ್ಚಿ ಭಜಿ ತಿನ್ನುತ್ತ, ಬೆರಳಿನ ಎಣ್ಣೆಯನ್ನು ತುಫಾನಿನ ಮೈಗೆ ಒರೆಸುತ್ತ ನಿಂತಿದ್ದ.

"ಯಾ ಅಲ್ಲಾ," ಎಂದು ಖುರ್ಷೀದಬೇಗಂ ಕುದುರೆಯ ಹಣೆ ಹಿಡಿದಳು.

"ನೀರು ತೋರಸಬ್ಯಾಡ್ರಿ ಅದಕ್ಕ," ಎಂದು ಹುಲಗಪ್ಪ ಅಲ್ಲಿಂದಲೇ ಕೂಗಿದ. "ಈಗ ಬಿಡ್ತಾರ."

ಆ ಮಾತು ಕೇಳಿ ಕಸ್ತೂರಿಗೆ ದಾರಿ ಕಂಡಿತು. ನೀರು ಕುಡಿದ ಕುದುರೆಯನ್ನು ಓಟಕ್ಕೆ ಇಳಿಸಬಾರದು. ಇದು ಯಾವ ದೇಶದಿಂದಲೂ ಬಂದ ಕಾಯ್ದೆಯಲ್ಲ. ಹೊಟ್ಟೆ ಹಿಡಿದು ಕುದುರೆ ಬೀಳುತ್ತದೆಂದು ಈ ಭಾಗದ ಹಿರಿಯರೇ ಇಟ್ಟದ್ದು, ಇಲ್ಲಿಯವರೆಗೆ ಯಾವ ಮಾಲೀಕನೂ ಮೀರದೆ ಇದ್ದದ್ದು. ನಾನು ಲೆಕ್ಕ ತಪ್ಪಿದ್ದರೆ, ಕುಡಿಸಿದ ಮೇಲೂ ಓಡಿಸಿಬಿಟ್ಟರೆ ಎಂಬ ಅನುಮಾನ ಬಂತು. ಆದರೂ ನೀರಿನ ಟ್ಯಾಂಕರಿನಿಂದ ಬಕೆಟ್ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಜನರ ನಡುವೆಯೇ ತಂದು ಕುದುರೆಯ ಮುಂದೆ ಇಟ್ಟಳು.

ಗದ್ದಲಕ್ಕೆ ಬೆದರಿ ಅದು ಮೂತಿ ಹಾಕಲಿಲ್ಲ. ಖುರ್ಷೀದಬೇಗಂ ಬಗ್ಗಿ, ಟಾಂಗಾದವರು ನೀರು ಕುಡಿಸುವಾಗ ಹಾಕುವ ಸಣ್ಣ ಸೀಟಿ ಹಾಕಿದಳು. ಚಾಂದನಿಯ ಕಿವಿ ಅಲುಗಿತು. ಮೂತಿ ನೀರಿಗೆ ಇಳಿಯಿತು.

"ಏ, ನೀರು ಕುಡಿತು!" ಎಂದು ಸುರಪುರದ ಕಡೆಯ ಮಾಲೀಕನೊಬ್ಬ ಮೈಕಿನವನಿಗೆ ಕೂಗಿದ. "ಬಿಳಿ ಕುದುರಿ ಹೊರಗ. ಹೆಸರು ಹೊಡಿ ಅದರದು."

ಹುಲಗಪ್ಪ ಓಡಿ ಬಂದ. ಬಕೆಟ್ ಒದೆಯಲು ಕಾಲು ಎತ್ತಿದ. ಸುತ್ತಲಿನವರು ನೋಡುತ್ತಿದ್ದರು, ಕಾಲು ಇಳಿಸಿದ.

"ಮಂದ್ಯಾಗ ನನ್ನ ಮಾನ ಕಳದಿ."

"ನೀರು ಕುಡಿಸೀನಿ, ಮಾಮಾ."

"ಇನ್ನ ಮಾಮಾ ಅನಬ್ಯಾಡ. ನಿಮ್ಮವ್ವಗೂ ಹೇಳು, ನನ್ನ ಬಾಗಲಾ ತುಳಿಬಾರದು."

ಅವ್ವನಿಗೆ ಇರುವುದು ಇವನೊಬ್ಬನೇ ತಮ್ಮ. ಆದರೂ ಕಸ್ತೂರಿ ಚಾಂದನಿಯ ಹಗ್ಗ ಹಿಡಿದಳು.

"ಕುದುರಿ ಖುರ್ಷೀದಬೇಗಮ್ಮಗ ವಾಪಸ್ ಕೊಡು," ಎಂದಳು.

"ಒಯ್ಯಿರಿ. ಇನ್ನೇನು ಕೆಲಸಕ್ಕ ಬರ್ತದ ಅದು," ಎಂದು ಹುಲಗಪ್ಪ ಮುಖ ತಿರುಗಿಸಿದ. ಅವನ ಮೀಸೆಯಲ್ಲಿ ಭಜಿಯ ಚೂರು ಅಂಟಿತ್ತು. ಚಿಕ್ಕಂದಿನಲ್ಲಿ ಅವಳು ಅದೇ ಮುಖಕ್ಕೆ ಮುತ್ತು ಕೊಟ್ಟಿದ್ದಳು. ಈಗ ನೋಡಲಾಗದೆ ನೆಲ ನೋಡಿದಳು.

ಮೈಕಿನಲ್ಲಿ ಎಣಿಕೆ ಶುರುವಾಯಿತು. ಉಳಿದ ಕುದುರೆಗಳು ಚಾಟಿಯ ಸದ್ದಿನೊಂದಿಗೆ ಹೊರಟವು, ತುಫಾನೂ ಹೊರಟಿತು. ಧೂಳು ಬಂದು ಇಬ್ಬರು ಹೆಂಗಸರ ಮೇಲೂ ಕುದುರೆಯ ಮೇಲೂ ಕೂತಿತು. ಚಾಂದನಿ ತಲೆ ಎತ್ತಲಿಲ್ಲ. ಬಕೆಟ್ಟಿನ ತಳ ನೆಕ್ಕುತ್ತಿತ್ತು. ಖುರ್ಷೀದಬೇಗಂ ಸೆರಗಿನಿಂದ ಅದರ ಕತ್ತಿನ ನೊಣ ಓಡಿಸುತ್ತಿದ್ದಳು.

"ಇನ್ನೊಂದು ಬಕೆಟ್ ತಾ ಬೇಟಿ," ಎಂದಳು. "ಒಮ್ಮೆಲೆ ಬ್ಯಾಡ. ಅರ್ಧ ತಾ."

ಕಸ್ತೂರಿ ಟ್ಯಾಂಕರಿನ ಕಡೆ ನಡೆದಳು.